ಒಂದು ಬೆರಳಿನ ಭಾರ

ಮನುಷ್ಯಕುಲ ಇತ್ಯರ್ಥ ಮಾಡದೆ ಬಿಟ್ಟಿರುವ ಪ್ರಶ್ನೆಗಳು ಹಲವು. ಆತ್ಮ ಇದೆಯೋ ಇಲ್ಲವೋ, ಕಾಲ ಹುಟ್ಟುವ ಮೊದಲು ಏನಿತ್ತು, ಇತ್ಯಾದಿ. ಅದೇ ಸಾಲಿನಲ್ಲಿ ಕೂರಿಸಬಹುದಾದ ಇನ್ನೊಂದು ಪ್ರಶ್ನೆ ಆ ಭಾನುವಾರ ಬೆಳಿಗ್ಗೆ ಬಡಗಿಯ ಶೆಡ್ಡಿನ ಮುಂದೆ ತೀರ್ಪಿಗೆ ಬಂದು ನಿಂತಿತ್ತು: ನಡು ಗಾತ್ರದ ಪಿಕಪ್ ಗಾಡಿ ಹೊರಲಿಕ್ಕೆ, ಎಳೆಯಲಿಕ್ಕೆ ಲಾಯಕ್ಕೋ, ಇಲ್ಲ ತೊಳೆದು ಒರೆಸಿ ಬಾಗಿಲಲ್ಲಿ ನಿಲ್ಲಿಸಿಕೊಳ್ಳಲಿಕ್ಕೋ?

ಗಾಡಿ ಬಡಗಿಯ ಕಿರಿಸೊಸೆಯದು. ಹಾಲಿನ ವ್ಯಾನು ಓಡಿಸುವ ಕೆಲಸ ಬಿಟ್ಟು, ಕೂಡಿಟ್ಟದ್ದನ್ನೆಲ್ಲ ಸುರಿದು ಅದನ್ನು ಕೊಂಡಿದ್ದಳು. ಸ್ವಂತ ಬಾಡಿಗೆ ಹೊಡೆಯುತ್ತೇನೆ, ಇನ್ನೊಬ್ಬರ ಗಂಟೆಗೆ ಏಳುವುದಿಲ್ಲ ಎಂಬುದು ಅವಳ ಹಟ. ಗಾಡಿ ಬಂತು, ಬಾಡಿಗೆ ಬರಲಿಲ್ಲ. ಊರಿನಲ್ಲಿ ಯಾರು ಏನು ಸಾಗಿಸಬೇಕಾದರೂ ಮೊದಲು ಸಲಹೆ ಕೇಳುತ್ತಿದ್ದದ್ದು ಅವಳ ಭಾವನನ್ನು, ಅಂದರೆ ಗಂಡನ ಅಣ್ಣನನ್ನು. ಭಾವನದು ಲಾರಿ. ಜನ ಅವನನ್ನು ಹತ್ತುಚಕ್ರ ಎಂದೇ ಕರೆಯುತ್ತಿದ್ದರು. ಲಾರಿಗಿದ್ದದ್ದು ಆರೇ ಚಕ್ರ. ಉಳಿದ ನಾಲ್ಕನ್ನು ಬಾಯಿಗೆ ಜೋಡಿಸಿಕೊಂಡಿದ್ದಾನೆ ಎಂದು ಊರಿನ ಲೆಕ್ಕ.

"ಪಿಕಪ್ಪಾ?" ಎನ್ನುತ್ತಿದ್ದ ಹತ್ತುಚಕ್ರ, ಕೇಳಲು ಬಂದವರಿಗೆ. "ಕಾರು ಅನ್ನೋಕೆ ಬೆನ್ನು ಉದ್ದ, ಲಾರಿ ಅನ್ನೋಕೆ ಎದೆ ಸಣ್ಣ. ನಿಮ್ಮ ಸಾಮಾನು, ನಿಮ್ಮಿಷ್ಟ." ಸಾಮಾನಿನವರು ಇಷ್ಟಪಡುತ್ತಿರಲಿಲ್ಲ.

ಕೊನೆಗೆ ಅವನೇ ಗಾಡಿ ಕೊಳ್ಳಲು ಒಬ್ಬ ಗಿರಾಕಿಯನ್ನೂ ಹುಡುಕಿದ. ಭಾನುವಾರ ಸಂಜೆ ಬಂದು ನೋಡುತ್ತಾನೆ, ಒಪ್ಪಿದರೆ ಅಲ್ಲೇ ಒಯ್ಯುತ್ತಾನೆ. ಟೈಲರಾದ ಗಂಡನಿಗೆ ಅಣ್ಣನ ಮಾತು ಮೀರುವ ಎದೆಯೂ ಇರಲಿಲ್ಲ, ಹೆಂಡತಿಯ ಮುಖ ನೋಡುವ ಧೈರ್ಯವೂ ಇರಲಿಲ್ಲ. ಹೊಲಿಗೆ ಯಂತ್ರ ನೋಡುತ್ತಾ "ಏನೋಪ್ಪ, ನೀವಿಬ್ಬರೇ ಮಾತಾಡ್ಕೊಳ್ಳಿ" ಎಂದಿದ್ದ.

ಅವಳು ಮಾತಾಡಿಕೊಂಡಿದ್ದಳು. "ಭಾವ, ಮಾವನ ದೋಣೀನ ಇದರಲ್ಲೇ ಎಳ್ಕೊಂಡು ಹೋಗ್ತೀನಿ. ನೀರು ಮುಟ್ಟಿಸಲಿಲ್ಲ ಅಂದ್ರೆ ಕೀಲಿ ನಾನೇ ನಿಮ್ಮ ಕೈಗೆ ಕೊಡ್ತೀನಿ."

ದೋಣಿ ಮಾವ ಕಟ್ಟಿದ್ದು. ಆಯುಷ್ಯವಿಡೀ ಬಾಗಿಲು, ಬೀರು ಮಾಡಿದ್ದ ಬಡಗಿಗೆ ಸರೋವರದ ಅಂಬಿಗ ಬಂದು ದೋಣಿ ಮಾಡಿಕೊಡು ಎಂದು ಕೇಳಿದಾಗ ಆ ಹುಚ್ಚು ತಲೆಗೇರಿಬಿಟ್ಟಿತ್ತು. ಮಗುವಿಗೆ ಸ್ನಾನ ಮಾಡಿಸಿದಂತೆ ಅದಕ್ಕೆ ಎಣ್ಣೆ ಹಚ್ಚಿದ್ದ. ಹಿಂಬದಿಗೆ ಮೋಟಾರು ಕೂರಿಸಿ, ಅದರ ಪಕ್ಕಕ್ಕೆ, ನೀರಲ್ಲಿ ಮುಂಭಾಗ ಮುಳುಗದಿರಲೆಂದು, ತೂಕದ ಕಲ್ಲುಗಳನ್ನು ಒಂದೊಂದಾಗಿ ಜೋಡಿಸಿ, ಅಂಬಿಗನ ಟ್ರೇಲರಿನ ಮೇಲೆ ಅದನ್ನು ತಕ್ಕಡಿಯಂತೆ ತೂಗಿಸಿ ನಿಲ್ಲಿಸಿದ್ದ.

"ಬಾ ಇಲ್ಲಿ," ಎಂದು ಸೊಸೆಯನ್ನು ಕರೆದು, ಗಾಡಿಗೆ ಸಿಕ್ಕಿಸುವ ಟ್ರೇಲರಿನ ಮೂತಿಯನ್ನು ತೋರುಬೆರಳಿನಲ್ಲಿ ಎತ್ತಿ ತೋರಿಸಿದ. "ನೋಡಿದ್ಯಾ? ಇಷ್ಟು ದೊಡ್ಡ ದೋಣಿ, ಒಂದು ಬೆರಳು! ನಿನ್ನ ಗಾಡಿಗೆ ಭಾರಾನೇ ಗೊತ್ತಾಗಬಾರದು ಅಂತ ಹೀಗೆ ಮಾಡಿದೀನಿ."

"ಬಾಯಿಗೆ ತುತ್ತಿಟ್ಟ ಹಾಗೆ ಮಾಡಿದೀರಿ ಮಾವ," ಎಂದಳು ಅವಳು, ನಿಜಕ್ಕೂ ಮನಸ್ಸು ತುಂಬಿ. ಕೊಂಡಿ ಸಿಕ್ಕಿಸಿದಳು. ಪಿಕಪ್ಪಿನ ಹಿಂಭಾಗ ಒಂದಿಷ್ಟೂ ತಗ್ಗಲಿಲ್ಲ. ಅದನ್ನು ಕಂಡು ಮಾವನ ಎದೆ ಉಬ್ಬಿತು.

ಹೊರಟಿತು ಮೆರವಣಿಗೆ. ಸ್ಟೀರಿಂಗಿನಲ್ಲಿ ಅವಳು, ಪಕ್ಕದಲ್ಲಿ ಗಂಡ, ಹಿಂದಿನ ಸೀಟಿನಲ್ಲಿ ಕುತ್ತಿಗೆ ತಿರುವಿ ದೋಣಿಯನ್ನೇ ನೋಡುತ್ತಾ ಮಾವ. ಅವರ ಹಿಂದೆ, ಲಾರಿಯಲ್ಲಿ ಹತ್ತುಚಕ್ರ. "ಸುಮ್ನೆ ಬರ್ತಿದೀನಮ್ಮ, ಗಾಳಿ ಸವಾರಿ," ಎಂದಿದ್ದ. ಗಾಳಿ ಸವಾರಿಗೆ ಅವನು ತಂದಿದ್ದದ್ದು ದಪ್ಪ ಹಗ್ಗ, ಎರಡು ಹಲಗೆ ಮತ್ತು ಎತ್ತಿಹಿಡಿಯಲು ನಾಲ್ಕು ಆಳು.

ಸಪಾಟು ರಸ್ತೆಯಲ್ಲಿ ಗಾಡಿ ಹಾಡಿಕೊಂಡು ಹೋಯಿತು. ಬೇಕರಿಯವನು ಅಂಗಡಿಯಿಂದ ಹೊರಬಂದು ಕೈಬೀಸಿದ. ಗಂಡನೂ ಹುರುಪಿನಲ್ಲಿ ಕಿಟಕಿಯಿಂದ ಅರ್ಧ ಹೊರಗೆ ವಾಲಿ, ತಾನೇ ದೋಣಿ ಕಟ್ಟಿದವನಂತೆ ಕೈಬೀಸಿದ. "ನೋಡೇ, ಎಲ್ಲರೂ ನಮ್ಮನ್ನೇ ನೋಡ್ತಿದಾರೆ!" ಅವಳು ನಗುತ್ತಾ ಗೇರು ಏರಿಸಿದಳು. ಆಮೇಲೆ ಇಳಿಜಾರು ಬಂತು.

ಮೊದಲು ಒಂದು ಸಣ್ಣ ತೂಗಾಟ, ಯಾರೋ ಹಿಂದಿನಿಂದ ಸೆರಗು ಜಗ್ಗಿದ ಹಾಗೆ. ಮತ್ತೆ ಎಡಕ್ಕೆ. ಬಲಕ್ಕೆ, ಇನ್ನೂ ಜೋರಾಗಿ. ಕನ್ನಡಿಯಲ್ಲಿ ದೋಣಿ ಒಮ್ಮೆ ಈ ಪಕ್ಕ ಮುಖ ತೋರಿಸಿತು, ಒಮ್ಮೆ ಆ ಪಕ್ಕ. ಪಿಕಪ್ಪಿನ ಹಿಂಭಾಗವನ್ನೇ ಅದು ಅಲ್ಲಾಡಿಸತೊಡಗಿತು.

"ಬ್ರೇಕು! ಬ್ರೇಕ್ ಹಾಕೇ!" ಗಂಡ ಕಿರುಚಿದ.

"ಬಾಯ್ಮುಚ್ಕೊಂಡು ಕೂತ್ಕೊಳ್ಳಿ!"

ಬ್ರೇಕು ತುಳಿದರೆ ದೋಣಿ ತನ್ನನ್ನು ದಾಟಿ ಮುಂದೆ ಬಂದು ನಿಲ್ಲುತ್ತದೆ ಎಂಬುದು ಅವಳ ಕಾಲಿಗೆ ಗೊತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಸ್ಟೀರಿಂಗನ್ನು ಅತ್ತಿತ್ತ ತಿರುಗಿಸದೆ, ಹಲ್ಲು ಕಚ್ಚಿ ನೇರ ಹಿಡಿದಳು. ಗಾಡಿ ಒಲ್ಲದ ಮನಸ್ಸಿನಿಂದ ನಿಧಾನಿಸಿತು, ಬಾಲ ಅಲ್ಲಾಡುವುದು ಕಡಿಮೆಯಾಯಿತು, ನಿಂತಿತು. ಹಿಂದಿನ ಸೀಟಿನಿಂದ ಮಾವ ಕೇಳಿದ್ದು ಒಂದೇ ಮಾತು: "ದೋಣಿಗೆ ಏನೂ ಆಗಿಲ್ಲ ತಾನೆ?"

ಹತ್ತುಚಕ್ರ ಲಾರಿಯಿಂದ ಇಳಿದು ಬಂದ. ಗಾಬರಿಯೂ ಖುಷಿಯೂ ಒಂದೇ ಮುಖದಲ್ಲಿ ಜಾಗಕ್ಕಾಗಿ ತಳ್ಳಾಡುತ್ತಿದ್ದವು. "ಯಾರಿಗೂ ಏನೂ ಆಗ್ಲಿಲ್ವಲ್ಲ, ಅಷ್ಟು ಸಾಕು. ನಾನು ಹೇಳಿದ್ನೋ ಇಲ್ವೋ? ಎದೆ ಸಣ್ಣ, ಎದೆ ಸಣ್ಣ ಅಂತ. ಏ, ಹಗ್ಗ ತನ್ರೋ! ದೋಣಿ ಲಾರಿಗೆ ಏರಿಸೋಣ. ಗಿರಾಕಿಗೂ ಫೋನ್ ಮಾಡ್ತೀನಿ, ಸಂಜೆವರೆಗೆ ಯಾಕೆ ಕಾಯ್ಬೇಕು?"

ಗಂಡ ಹೆಂಡತಿಯ ಕಡೆ ನೋಡಿದ. ಅವಳು ಟ್ರೇಲರಿಗೆ ಒಂದು ಸುತ್ತು ಬಂದಳು. ಟೈರು ಮುಟ್ಟಿದಳು, ಕಟ್ಟು ನೋಡಿದಳು. ಕೊಂಡಿಯ ಹತ್ತಿರ ನಿಂತಳು. ಇಂಜಿನ್ ಹಾಯಾಗಿ ಉಸಿರಾಡುತ್ತಿತ್ತು, ಅದಕ್ಕೆ ಸುಸ್ತಿನ ಸುಳಿವೇ ಇರಲಿಲ್ಲ. ಹಾಗಾದರೆ ಎದೆಯದಲ್ಲ ಈ ಕಾಯಿಲೆ. ಹಾಲಿನ ವ್ಯಾನಿನ ಕಾಲದಲ್ಲಿ ಹಿಂದೊಂದು ಪುಟ್ಟ ಟ್ರೇಲರು ಇತ್ತು. ಕ್ಯಾನುಗಳನ್ನು ಬಾಲದ ಕಡೆ ತುಂಬಿದ ದಿನ ಅದೂ ಹೀಗೇ ಕುಣಿಯುತ್ತಿತ್ತು. ಕೊಂಡಿ ಬಿಡಿಸಿ, ಮಾವ ಮಾಡಿದಂತೆಯೇ ಟ್ರೇಲರಿನ ಮೂತಿಗೆ ಬೆರಳು ಕೊಟ್ಟಳು. ಎದ್ದಿತು.

"ನೋಡು, ಈಗಲೂ ಒಂದೇ ಬೆರಳು!" ಎಂದ ಮಾವ.

"ಅದೇ ತಪ್ಪಾಗಿರೋದು ಮಾವ."

ಮಾವನ ಮುಖ ಕಂದಿತು.

"ಮೂತಿ ಇಷ್ಟು ಹಗುರ ಇದ್ರೆ ಇದು ಗಾಡಿಯ ಮಾತು ಕೇಳಲ್ಲ. ಹಿಂದಿರೋ ಕಲ್ಲೆಲ್ಲ ಮುಂದಕ್ಕೆ ಬರಬೇಕು. ಸ್ವಲ್ಪ ಭಾರ ನನ್ನ ಗಾಡಿ ಮೇಲೆ ಕೂರಬೇಕು."

"ಏನ್ ಮಾತಾಡ್ತೀಯಾ! ಮೂಗು ಭಾರ ಮಾಡಿದ್ರೆ ಮುಳುಗತ್ತೆ ಕಣಮ್ಮ!"

"ನೀರಲ್ಲಿ ಮಾವ. ನಾವಿನ್ನೂ ರಸ್ತೇಲಿದೀವಿ."

ಬಡಗಿ ದೋಣಿಯನ್ನು ನೋಡಿದ, ರಸ್ತೆಯನ್ನು ನೋಡಿದ, ಮತ್ತೆ ದೋಣಿಯನ್ನು ನೋಡಿದ. ಇಷ್ಟು ತಿಂಗಳು ಅವನ ತಲೆಯಲ್ಲಿ ಆ ದೋಣಿ ತೇಲುತ್ತಲೇ ಇತ್ತು. ಅದು ಒಂದು ದಿನದ ಮಟ್ಟಿಗೆ ಉರುಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ. "ಕಲ್ಲು ನಾನೇ ಎತ್ತಿಡ್ತೀನಿ," ಎಂದ, ಸೋತವನ ದನಿಯಲ್ಲಲ್ಲ, ಯಾರೂ ಮುಟ್ಟಬೇಡಿ ಎನ್ನುವವನ ದನಿಯಲ್ಲಿ.

ಹತ್ತುಚಕ್ರನ ಆಳುಗಳು ಹಗ್ಗ ಹಿಡಿದು ನಿಂತೇ ಇದ್ದರು. ಟೈಲರ್ ಗಂಡ ಅಂಗಿಯ ತೋಳು ಮಡಿಸಿ, ಮೊದಲ ಸಲ ಅಣ್ಣನ ಎದುರಿಗೇ, ಅಪ್ಪನ ಕೈಯಿಂದ ಕಲ್ಲು ಇಸಿದುಕೊಂಡ. ಕಲ್ಲುಗಳು ಮುಂದಕ್ಕೆ ಬಂದವು. ಈ ಸಲ ಕೊಂಡಿ ಸಿಕ್ಕಿಸಲು ಇಬ್ಬರು ಏದುಸಿರು ಬಿಡಬೇಕಾಯಿತು. ಪಿಕಪ್ಪಿನ ಹಿಂಭಾಗ ಉಂಡು ಕೂತವರಂತೆ ನಾಲ್ಕು ಬೆರಳು ತಗ್ಗಿತು.

"ಕುಸಿದೋಯ್ತು!" ಎಂದ ಹತ್ತುಚಕ್ರ.

"ಕೂತ್ಕೊಂಡಿತು ಭಾವ," ಎಂದಳು ಅವಳು.

ಉಳಿದ ಇಳಿಜಾರಿನಲ್ಲಿ ದೋಣಿ ಮೊದಲ ದಿನ ಶಾಲೆಗೆ ಹೊರಟ ಮಗುವಿನಂತೆ ಹಿಂದೆಯೇ ಅಂಟಿಕೊಂಡು ಬಂತು. ಗಂಡ ಮತ್ತೆ ಕೈಬೀಸಲು ಶುರುಮಾಡಿದ, ಅಲ್ಲಿ ನೋಡುವವರು ಯಾರೂ ಇಲ್ಲದಿದ್ದರೂ. ಕಡೆಗೆ ಸರೋವರದ ದಿಣ್ಣೆ ಎದುರಾಯಿತು. ಉದ್ದದ ಏರು, ಮಧ್ಯೆ ಎರಡು ತಿರುವು. ಅವಳು ಗೇರು ಇಳಿಸಿದಳು, ಮತ್ತೆ ಇಳಿಸಿದಳು. ಇಂಜಿನ್ ಗಂಟಲು ದೊಡ್ಡದು ಮಾಡಿತು. ಮೊದಲ ತಿರುವು ಮುಗಿಯುವಷ್ಟರಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ತೆವಳತೊಡಗಿತು.

ಅವಳು ಎ.ಸಿ. ಆರಿಸಿ ಹೀಟರನ್ನು ಪೂರ್ತಿ ತಿರುವಿದಳು.

"ಇದೇನೇ, ನಮ್ಮನ್ನು ಬೇಯಿಸ್ತಿದೀಯಾ?"

"ಇಂಜಿನ್ನಿನ ಬಿಸಿ ನಾವು ಸ್ವಲ್ಪ ಹಂಚ್ಕೊಳ್ಳೋಣ ರೀ. ಕಿಟಕಿ ಇಳಿಸಿ."

ಮೂವರೂ ಬೆವರಿನಲ್ಲಿ ನೆಂದರು. ಮಾವ "ಬಾ, ಬಾ, ಬಾ ಮಗನೇ" ಎನ್ನುತ್ತಿದ್ದ. ಕರೆಯುತ್ತಿದ್ದದ್ದು ಗಾಡಿಯನ್ನೋ ದೋಣಿಯನ್ನೋ ತಿಳಿಯಲಿಲ್ಲ. ಗಂಡ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳುತ್ತಿದ್ದ. ಮುಳ್ಳು ಕೆಂಪಿನ ಹೊಸ್ತಿಲವರೆಗೆ ಬಂತು, ಅಲ್ಲೇ ಯೋಚನೆ ಮಾಡುತ್ತಾ ನಿಂತಿತು. ಎರಡನೇ ತಿರುವು. ಇನ್ನೊಂದು ಚೂರು. ಇದ್ದಕ್ಕಿದ್ದಂತೆ ಗಾಜಿನ ತುಂಬ ಆಕಾಶ, ಅದರ ಕೆಳಗೆ ಅಗಲಕ್ಕೆ ಮಿನುಗುವ ನೀರು. ಮೂವರೂ ಒಟ್ಟಿಗೆ ಕೂಗಿದರು. ಏನು ಕೂಗಿದರೆಂದು ಆಮೇಲೆ ಯಾರಿಗೂ ನೆನಪಿರಲಿಲ್ಲ.

ದಡದ ಜಾರು ಕಟ್ಟೆಗೆ ಟ್ರೇಲರನ್ನು ಹಿಮ್ಮುಖವಾಗಿ ಇಳಿಸಬೇಕಿತ್ತು. ಹತ್ತುಚಕ್ರ ಲಾರಿಯಿಂದ ಧುಮುಕಿ "ಎಡಕ್ಕೆ! ಅಯ್ಯೋ, ನಿನ್ನ ಎಡ ಅಲ್ಲ, ನನ್ನ ಎಡ!" ಎಂದು ಎರಡೂ ಕೈ ಬೀಸುತ್ತಾ ಅಡ್ಡ ಓಡಾಡಿದ. ಮೊದಲ ಸಲ ಟ್ರೇಲರು ಓರೆಯಾಯಿತು. ಎರಡನೇ ಸಲ ಅವಳು ಭಾವನನ್ನು ನೋಡದೆ ಕನ್ನಡಿ ಮಾತ್ರ ನೋಡಿದಳು. ನೇರವಾಗಿ ಇಳಿಯಿತು. ಮಾವ ಮೊಣಕಾಲು ನೀರಿನಲ್ಲಿ ನಿಂತು ಕಲ್ಲುಗಳನ್ನು ಒಂದೊಂದಾಗಿ ಹಿಂದಕ್ಕೆ ಜೋಡಿಸಿದ, ದಡದಲ್ಲಿ ಕಾದಿದ್ದ ಅಂಬಿಗ ಕಟ್ಟು ಬಿಚ್ಚಿದ. ದೋಣಿ ಒಮ್ಮೆ ನಡುಗಿ, ಟ್ರೇಲರನ್ನು ಬಿಟ್ಟು, ಮಟ್ಟಸವಾಗಿ ತೇಲಿತು.

ಬಡಗಿ ದಡಕ್ಕೆ ಬಂದ. ಒದ್ದೆ ಕೈಯನ್ನೇ ಸೊಸೆಯ ತಲೆಯ ಮೇಲಿಟ್ಟ.

ಹತ್ತುಚಕ್ರ ದೂರ ಹೋಗಿ ಫೋನಿನಲ್ಲಿ "ಇವತ್ತು ಬೇಡ... ಇಲ್ಲಪ್ಪ, ನಾಳೇನೂ ಬೇಡ" ಎಂದದ್ದು ಎಲ್ಲರಿಗೂ ಕೇಳಿಸಿತು. ವಾಪಸು ಬಂದವನು ಪಿಕಪ್ಪಿನ ಟೈರಿಗೆ ಮೆಲ್ಲಗೆ ಒದ್ದ. ಲಾರಿಯವರ ವಂಶದಲ್ಲಿ ಗೌರವ ಸೂಚಿಸುವ ರೀತಿ ಅದು.

"ಹಾಗಾದ್ರೆ ನಾಳೆ ನನ್ನದೊಂದು ಲೋಡ್ ಸಿಮೆಂಟ್ ಹೊಡೀತೀಯಾ? ಧೈರ್ಯ ಇದೆಯಾ?"

"ಧೈರ್ಯ ಇದೆ, ಅಷ್ಟು ಭಾರ ಹೊರೋ ಸ್ಪ್ರಿಂಗ್ ಇಲ್ಲ. ಸಿಮೆಂಟಿಗೆ ನಿಮ್ಮ ಲಾರೀನೇ ಬೇಕು ಭಾವ."

ಹತ್ತುಚಕ್ರ ಗಲ್ಲ ಕೆರೆದುಕೊಂಡ. 

"ಶನಿವಾರ ಹಲ್ಲಿನ ಡಾಕ್ಟರು ಮನೆ ಬದಲಾಯಿಸ್ತಿದಾರೆ. ಒಂದು ಫ್ರಿಜ್ಜು, ಎರಡು ಸೋಫಾ, ಸಣ್ಣ ಗಲ್ಲಿ. ನನ್ನ ಲಾರಿ ಒಳಗೆ ನುಗ್ಗಲ್ಲ."

"ಬಾಡಿಗೆ ನಾನೇ ಹೇಳೋದು."

"ಹೇಳು ತಾಯಿ, ನೀನೇ ಹೇಳು."

ಶನಿವಾರ ಅವಳು ಹಲ್ಲಿನ ಡಾಕ್ಟರ ಫ್ರಿಜ್ಜನ್ನೂ ಎರಡು ಸೋಫಾಗಳನ್ನೂ ಎರಡು ಟ್ರಿಪ್ಪಿನಲ್ಲಿ ಸಾಗಿಸಿದಳು.