ಉಡದಾರದ ಹೊಸ ಕೊಂಡಿಗಳು

ಬಸವನ ಬಾಗೇವಾಡಿಯ ಜವಳಿ ಅಂಗಡಿ ಶಂಕರೆಪ್ಪನ ಮನೆಯಲ್ಲಿ ಎರಡು ವರ್ಷ ಒಂದು ಹಳದಿ ಕಾರ್ಡಿನದೇ ಆಡಳಿತ ನಡೆಯಿತು. ಆ ಎರಡು ವರ್ಷ ಅವನ ಹೆಂಡತಿ ಹೊನ್ನವ್ವ ಹೊಟ್ಟೆ ತುಂಬ ಉಣ್ಣಲಿಲ್ಲ.

ಕಾರ್ಡು ಬಂದದ್ದು ಹೀಗೆ. ಎರಡು ಸಾವಿರದ ಆರನೇ ಇಸವಿಯ ಚಳಿಗಾಲದಲ್ಲಿ ಶಾಲೆಯ ಅಂಗಳದಲ್ಲಿ ಪುಕ್ಕಟೆ ಆರೋಗ್ಯ ತಪಾಸಣೆ ಇಟ್ಟಿದ್ದರು. ಮೊದಲನೇ ಟೇಬಲ್ಲಿನಲ್ಲಿ ಬಂದವರನ್ನು ತೂಗಿ, ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿ ಒಂದು ಅಂಕಿ ತೆಗೆಯುತ್ತಿದ್ದರು. ಅದಕ್ಕೆ ಬಿಎಂಐ ಎಂದು ಹೆಸರು. ಹದಿನೆಂಟೂವರೆಯಿಂದ ಇಪ್ಪತ್ತೈದರೊಳಗೆ ಬಂದರೆ ‘ಸರಿ’, ದಾಟಿದರೆ ‘ಹೆಚ್ಚು’ ಎಂದು ಕಾರ್ಡಿನ ಮೇಲೆ ಬರೆದರು. ಎರಡನೇ ಟೇಬಲ್ಲಿನಲ್ಲಿ ರಕ್ತ ನೋಡುತ್ತಿದ್ದರು. ಅಲ್ಲಿ ಪಾಳಿ ಉದ್ದವಿತ್ತು. ಅಂಗಡಿ ತೆರೆಯುವ ಹೊತ್ತಾಯಿತೆಂದು ಶಂಕರೆಪ್ಪ ಮೊದಲನೇ ಟೇಬಲ್ಲಿನಿಂದಲೇ ಹೆಂಡತಿಯನ್ನು ಕರೆದುಕೊಂಡು ಬಂದುಬಿಟ್ಟ.

ಅವನ ತೂಕ ಅರವತ್ತಾರು ಕಿಲೋ, ಅಂಕಿ ಇಪ್ಪತ್ತೆರಡು ಪಾಯಿಂಟ್ ಎಂಟು. ಸರಿ. ಹೊನ್ನವ್ವನ ತೂಕ ಅರವತ್ತನಾಲ್ಕು, ಎತ್ತರ ಕಡಿಮೆ. ಅಂಕಿ ಇಪ್ಪತ್ತೇಳು. ಹೆಚ್ಚು.

“ನೋಡೇ,” ಎಂದ ಶಂಕರೆಪ್ಪ, ಎರಡೂ ಕಾರ್ಡುಗಳನ್ನು ಅವಳ ಮುಖದ ಮುಂದೆ ಹಿಡಿದು. “ನಾ ಹೇಳಿದ್ರ ಸಿಟ್ಟಿಗೇಳತಿದ್ದಿ. ಈಗ ಡಾಕ್ಟರ್ ಬರದುಕೊಟ್ಟಾರ. ಮನ್ಯಾಗಿನ ಧಾನ್ಯ ಎಲ್ಲಿ ಹೊಂಟೈತಿ ಅಂತ ಇವತ್ತ ಗೊತ್ತಾತು.”

ತನ್ನ ಕಾರ್ಡಿಗೆ ಅವನು ಗಾಜಿನ ಕಟ್ಟು ಹಾಕಿಸಿ ಅಂಗಡಿಯಲ್ಲಿ ಗಾದಿಯ ಹಿಂದೆ ತೂಗುಹಾಕಿದ. ಹೊನ್ನವ್ವನ ಕಾರ್ಡನ್ನು ಅಡುಗೆಮನೆಯಲ್ಲಿ ರೊಟ್ಟಿ ಬುಟ್ಟಿಯ ಮೇಲಿನ ಗೂಟಕ್ಕೆ ಸಿಕ್ಕಿಸಿದ.

ಮನೆ ಮಂದಿಗೆ, ಅಂಗಡಿಯ ಆಳುಗಳಿಗೆ ಸೇರಿ ದಿನಕ್ಕೆ ನಲವತ್ತು ರೊಟ್ಟಿ ಬಡಿಯುವ ಹೆಂಗಸು ಹೊನ್ನವ್ವ. ಎರಡು ಎಮ್ಮೆಗಳ ಸಗಣಿ, ಹಾಲು, ನೀರು ಎಲ್ಲವೂ ಅವಳದೇ. ತೋಳು ಗಟ್ಟಿ, ಹೆಗಲು ಅಗಲ. ತುಂಬಿದ ಕೊಡ ಎತ್ತಿದರೆ ನೀರು ತುಳುಕುತ್ತಿರಲಿಲ್ಲ. ಅಂಥವಳ ತಾಟಿಗೆ ಅಂದಿನಿಂದ ಒಂದೇ ರೊಟ್ಟಿ. ಎರಡನೆಯದಕ್ಕೆ ಕೈ ಚಾಚಿದರೆ ಗಂಡ ಬಾಯಿಂದ ಏನೂ ಅನ್ನುತ್ತಿರಲಿಲ್ಲ. ಗೂಟದ ಕಡೆಗೆ ಗದ್ದ ಎತ್ತಿ ತೋರಿಸುತ್ತಿದ್ದ. ಮಂದಿ ಇದ್ದರೆ ಮಾತ್ರ ಅನ್ನುತ್ತಿದ್ದ: “ನಮ್ಮ ಮನ್ಯಾಗ ಎಮ್ಮಿ ಎರಡಲ್ಲರಿ, ಮೂರು.” ಮಂದಿ ನಗುತ್ತಿದ್ದರು. ಹೊನ್ನವ್ವನೂ ನಗುತ್ತಿದ್ದಳು. ನಗದಿದ್ದರೆ ಇನ್ನೊಂದು ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಶಂಕರೆಪ್ಪ ಮುಂಜಾನೆ ಗಾದಿಗೆ ಕುಳಿತರೆ ಏಳುತ್ತಿದ್ದುದು ಊಟಕ್ಕೆ. ಬಂದ ಗಿರಾಕಿಗೊಂದು ಸಿಹಿ ಚಹಾ, ಗಿರಾಕಿಯ ಕೂಡ ತನಗೂ ಒಂದು. ಕೈಕಾಲು ಜೋಳದ ದಂಟಿನಷ್ಟು ಸಣ್ಣ. ಹೊಟ್ಟೆ ಮಾತ್ರ ಅಂಗಿಯನ್ನು ಮುಂದಕ್ಕೆ ದೂಡುತ್ತಿತ್ತು. ಅವನು ತೊಡುತ್ತಿದ್ದುದು ಲಾಡಿಯ ಪಾಯಜಾಮ. ಲಾಡಿಗೆ ಅಳತೆಯ ನಂಬರಿಲ್ಲ, ಎಷ್ಟು ಬೇಕಾದರೂ ಸಡಿಲಾಗುತ್ತದೆ. ಊರವರ ಸೊಂಟಕ್ಕೆ ದಿನವೂ ಟೇಪು ಹಿಡಿಯುವವನು ತನ್ನ ಸೊಂಟಕ್ಕೆ ಒಮ್ಮೆಯೂ ಹಿಡಿಯಲಿಲ್ಲ.

ಸಡಿಲಾಗದ್ದು ಒಂದೇ, ಬೆಳ್ಳಿಯ ಉಡದಾರ. ಮದುವೆಯಲ್ಲಿ ಹೊನ್ನವ್ವನ ತವರಿನವರು ಅವನ ಸೊಂಟಕ್ಕೆ ಹಾಕಿದ್ದ ಕೊಂಡಿ ಕೊಂಡಿಯ ಸರ ಅದು. ಕಾರ್ಡು ಬಂದ ಮರುವರ್ಷದ ಶ್ರಾವಣದಲ್ಲಿ ಅದು ಬಿಗಿಯಾಗಿ ಚರ್ಮದ ಮೇಲೆ ಕೆಂಪು ಗೀರು ಎಳೆಯಿತು.

“ಹೊಟ್ಟಿ ಬಂದೈತೇನ್ರಿ?” ಎಂದಳು ಹೊನ್ನವ್ವ.

“ಹೊಟ್ಟಿ? ನಿನ್ನಿನೂ ಬಸ್‌ಸ್ಟ್ಯಾಂಡಿನ ತೂಕದ ಕಾಟಾದ ಮ್ಯಾಲ ನಿಂತ ಬಂದೇನಿ. ಅರವತ್ತಾರು. ಗುಂಜಿ ಸುದ್ದ ಏರಿಲ್ಲ. ದಿನಾ ಬಿಸಿನೀರು ಬಿದ್ದು ಬೆಳ್ಳಿ ಕುಗ್ಗಿರತೈತಿ. ಒಯ್ದು ಬೆಳಸ್ಕೊಂಡ ಬಾ.”

ಅವಳು ಬೆಳ್ಳಿ ಬಂಗಾರದ ಕೆಲಸದ ಪತ್ತಾರ ಗುರಣ್ಣನ ಬಳಿ ಒಯ್ದಳು. ಅವನು ಎಂಟು ಕೊಂಡಿ ಸೇರಿಸಿ ಕೊಟ್ಟ.

ಮುಂದಿನ ಬೇಸಿಗೆಗೆ ಶಂಕರೆಪ್ಪನಿಗೆ ನೀರಡಿಕೆ ಹೆಚ್ಚಾಯಿತು. ತಂಬಿಗೆ ತುಂಬಿಟ್ಟಷ್ಟೂ ಬರಿದು. ಮತ್ತೆ ಮತ್ತೆ ಹಿತ್ತಲಿಗೆ ಹೋಗಿ ಬರುತ್ತಿದ್ದ. ಕೇಳಿದರೆ “ಬ್ಯಾಸಗಿ ಐತಿ” ಎನ್ನುತ್ತಿದ್ದ. ಮಳೆಗಾಲ ಬಂದಾಗಲೂ ಅದನ್ನೇ ಅಂದ. ಹೊಸ ಚಪ್ಪಲಿ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಕಚ್ಚಿ ಗಾಯವಾಯಿತು. ಅರಿವೆ ಸುತ್ತಿಕೊಂಡು ಅಂಗಡಿಗೆ ಹೋದ. ಗಾಯ ಮಾಯಲಿಲ್ಲ.

ಹೊನ್ನವ್ವನೂ ಸೊರಗುತ್ತಿದ್ದಳು. ಒಂದು ಮುಂಜಾನೆ ನಳದಿಂದ ಕೊಡ ಎತ್ತಿ ನಾಲ್ಕು ಹೆಜ್ಜೆ ಇಟ್ಟವಳು ಕಣ್ಣು ಕತ್ತಲೆಗೊಂಡು ಕೆಳಗೆ ಬಿದ್ದಳು. ಅದೇ ಓಣಿಯ ಶಮ್ಶುನ್ನೀಸಾ ಸರಕಾರಿ ದವಾಖಾನೆಯಲ್ಲಿ ನರ್ಸು. ಓಡಿ ಬಂದವಳು ಹೊನ್ನವ್ವನ ಕೆಳರೆಪ್ಪೆ ಜಗ್ಗಿ ನೋಡಿ, ಕೂಡಲೇ ದವಾಖಾನೆಗೆ ಕರೆದೊಯ್ದು ರಕ್ತ ತಪಾಸಿಸಿದಳು. ಹನ್ನೆರಡು ಇರಬೇಕಾದ ರಕ್ತದ ಅಂಶ, ಹಿಮೋಗ್ಲೋಬಿನ್, ಆರೂವರೆ ಇತ್ತು.

ಸುದ್ದಿ ಕೇಳಿ ಬಂದ ಶಂಕರೆಪ್ಪ ನಂಬಲಿಲ್ಲ. “ಮೈತುಂಬ ಮಾಂಸ ಇದ್ದಾಕಿಗೆ ರಕ್ತ ಕಡಿಮಿ ಅಂದ್ರ ಹೆಂಗ್ರಿ ನರ್ಸಬಾಯಿ? ಮಶೀನ ಕೆಟ್ಟಿರಬೇಕು.”

“ಮಶೀನ ಛಲೋ ಐತ್ರಿ ಸಾಹುಕಾರ್ರ. ಮನ್ಯಾಗ ಈ ಅಕ್ಕಗ ಉಣ್ಣಾಕ ಏನ ಕೊಡತೀರಿ?”

“ಇಕಿ ದಪ್ಪ ಅದಾಳ. ಕಾರ್ಡಿನಾಗ ಐತಿ.”

“ಕಾರ್ಡಿನಾಗ ತೂಕ ಐತ್ರಿ, ರಕ್ತ ಇಲ್ಲ. ಎಲುವು, ಮಾಂಸ, ಕೊಬ್ಬು ಮೂರನ್ನೂ ಕಾಟಾ ಕೂಡಿಸಿ ತೂಗತೈತಿ. ಯಾವುದು ಎಷ್ಟು ಅಂತ ಅದಕ್ಕ ಗೊತ್ತಿಲ್ಲ.” ಶಮ್ಶುನ್ನೀಸಾಳ ಕಣ್ಣು ಅವನ ಕಾಲಿಗೆ ಹೋಯಿತು. “ಅದೇನ್ರಿ ಅರಿವಿ?”

“ಚಪ್ಪಲಿ ಕಚ್ಚೈತಿ. ಎರಡು ದಿನಾತು.”

“ಒಂದೂವರಿ ತಿಂಗಳಾತ್ರಿ,” ಎಂದಳು ಮಲಗಿದ್ದ ಹೊನ್ನವ್ವ.

“ನಿನ್ನ ಯಾರ ಕೇಳ್ಯಾರ?”

“ನಾ ಕೇಳೇನಿ,” ಎಂದಳು ನರ್ಸು. “ಸಾಹುಕಾರ್ರ, ಬೆರಳ ತುದಿಯಿಂದ ಒಂದ ಹನಿ ರಕ್ತ ಕೊಡ್ರಿ. ಸಕ್ಕರಿ ಐತೇನು ನೋಡೋಣು.”

“ಸಕ್ಕರಿ ಬ್ಯಾನಿ ದಪ್ಪ ಮಂದೀಗಿ ಬರತೈತಿ. ನಂದು ಇಪ್ಪತ್ತೆರಡು ಪಾಯಿಂಟ್ ಎಂಟು. ನಿಮಗ ನಂಬಿಕಿ ಇಲ್ಲಂದ್ರ ಅಂಗಡಿಗೆ ಬಂದು ಓದಿ ಹೋಗ್ರಿ.” ಎಂದವನೇ ನಡೆದುಬಿಟ್ಟ. ನೆಲದ ಮೇಲೆ ಕಾಲಿನ ಅರಿವೆಯ ಒದ್ದೆ ಕಲೆ ಉಳಿಯಿತು.

ಕಬ್ಬಿಣದ ಗುಳಿಗೆ, ಸೊಪ್ಪು, ಬೇಳೆ ಎಂದು ಶಮ್ಶುನ್ನೀಸಾ ಹೇಳಿ ಕಳಿಸಿದಳು. ಹೊನ್ನವ್ವ ಗುಳಿಗೆ ನುಂಗಿದಳು. ಸೊಪ್ಪು ಬೇಯಿಸಿದಳು. ಗೂಟದ ಮೇಲಿನ ಕಾರ್ಡು ಅಲ್ಲೇ ಇತ್ತು.

ಅದಾದ ಹದಿನೈದು ದಿನಕ್ಕೆ ಉಡದಾರ ಮತ್ತೆ ಬಿಗಿಯಾಯಿತು. ಹೊನ್ನವ್ವ ಮತ್ತೆ ಗುರಣ್ಣನ ಅಂಗಡಿಯ ಕಟ್ಟೆ ಹತ್ತಿದಳು.

“ತಂಗೆವ್ವಾ, ನಿಮ್ಮ ಮನಿ ಉಡದಾರಕ್ಕ ನನ್ನ ಅಂಗಡಿ ಮ್ಯಾಲ ಭಾಳ ಪ್ರೀತಿ,” ಎಂದು ಗುರಣ್ಣ ನಕ್ಕ.

“ಬೆಳ್ಳಿ ಬಿಸಿನೀರಿಗೆ ಕುಗ್ಗತೈತೇನೋ ಗುರಣ್ಣಾ?”

ಗುರಣ್ಣ ಊದುಗೊಳವೆ ಕೆಳಗಿಟ್ಟ. “ಯಾರ ಹೇಳ್ಯಾರ? ಮೂವತ್ತು ವರ್ಷಾತು ಬೆಳ್ಳಿ ಕಾಸಾಕತ್ತಿ. ಇಲ್ಲಿ ನೋಡು.” ಅವನು ಉಡದಾರವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದ. ಹಳೆಯ ಕೊಂಡಿಗಳು ಕಪ್ಪಿಟ್ಟು ಸವೆದಿದ್ದವು. ಹೋದ ವರ್ಷದ ಎಂಟು ಬೆಳ್ಳಗೆ ಹೊಳೆಯುತ್ತಿದ್ದವು. “ಇವು ನಾ ಹಾಕಿದವು. ಈಗ ಮತ್ತ ಒಂಬತ್ತ ಬೇಕು. ಬೆಳ್ಳಿ ಇದ್ದಷ್ಟ ಐತೆವ್ವಾ, ನಿನ್ನ ಗಂಡನ ಹೊಟ್ಟಿ ಬೆಳದೈತಿ.”

“ತೂಕ ಏರಿಲ್ಲಂತ.”

“ತೂಕದ ಮಾತ ಪತ್ತಾರಗ ಹೇಳಬ್ಯಾಡ. ಹಿತ್ತಾಳಿ ತೋಲಾ ಐತಿ, ಬಂಗಾರನೂ ತೋಲಾ ಐತಿ. ತೂಕ ನೋಡಿ ನಾವು ಬಂಗಾರ ಅನ್ನೂದಿಲ್ಲ. ಒರೆಗಲ್ಲಿಗೆ ತಿಕ್ಕತೇವಿ. ನಿನ್ನ ಗಂಡನ ಕೈ ನೋಡೀ ಏನು? ಹೋದ ವರ್ಷ ಜೋಳದ ದಂಟ ಇತ್ತು, ಈಗ ಕಡ್ಡಿ ಆಗೈತಿ. ಕೈಯಾಗಿಂದು ಹೋಗಿ ಹೊಟ್ಟ್ಯಾಗ ಕುಂತ್ರ ಕಾಟಾಕ ಹೆಂಗ ತಿಳಿಬೇಕು?”

ಹೊನ್ನವ್ವ ಆ ಹೊಳೆಯುವ ಕೊಂಡಿಗಳನ್ನು ಬಹಳ ಹೊತ್ತು ನೋಡಿದಳು. ಇದರ ಸಾಕ್ಷಿ ತನ್ನ ಕೈಯಲ್ಲೇ ಇತ್ತಲ್ಲ, ತಾನೇ ಒಯ್ದು ತಾನೇ ತಂದೆನಲ್ಲ ಅನ್ನಿಸಿತು. ಕೊಂಡಿ ಹಾಕಿಸದೆ ಉಡದಾರವನ್ನು ಉಡಿಯಲ್ಲಿ ಕಟ್ಟಿಕೊಂಡು ಸೀದಾ ಶಮ್ಶುನ್ನೀಸಾಳ ಮನೆಗೆ ಹೋದಳು.

ಶಮ್ಶುನ್ನೀಸಾ ಅದನ್ನು ನೋಡಿ ಒಂದು ದಾರದ ಉಂಡೆ ತಂದಳು. ಹೊನ್ನವ್ವನನ್ನು ಗೋಡೆಗೆ ನಿಲ್ಲಿಸಿ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿದಳು. ಆ ದಾರವನ್ನು ಎರಡು ಮಡಿಕೆ ಮಾಡಿ ಹೊಕ್ಕಳ ಮಟ್ಟದಲ್ಲಿ ಅವಳ ಹೊಟ್ಟೆಗೆ ಸುತ್ತಿದಳು. ತುದಿಗಳ ನಡುವೆ ಒಂದು ಬೆರಳು ಬಯಲು ಉಳಿಯಿತು.

“ಎತ್ತರದ ಅರ್ಧ ದಾರದಾಗ ಹೊಟ್ಟಿ ಹಿಡೀಬೇಕು ಅಕ್ಕಾ. ನಿಂದು ಒಂದ ಬೆರಳು ಹೆಚ್ಚೈತಿ. ನೀನೂ ಎಚ್ಚರ ಇರು, ಎಣ್ಣಿ ಸಕ್ಕರಿ ಹಿಡದ ಬಳಸು. ಆದರ ರೊಟ್ಟಿ ಬಿಡಬ್ಯಾಡ. ಆ ಕಾರ್ಡಿನ ಲೆಕ್ಕ ಸುಳ್ಳಲ್ಲ, ಪೂರಾನೂ ಅಲ್ಲ. ಕಾರ್ಡಿನ ಕೂಡ ಹೊಟ್ಟಿನೂ ನೋಡಬೇಕು, ರಕ್ತನೂ ನೋಡಬೇಕು. ನಮ್ಮ ಮಂದೀಗಿ ಕೈಕಾಲು ಸಣ್ಣ ಇದ್ರೂ ಸಕ್ಕರಿ ಬ್ಯಾನಿ ಬರತೈತಿ.”

ಇಬ್ಬರೂ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಅಂಗಡಿಗೆ ಹೋದರು. ಶಂಕರೆಪ್ಪ ಮೊದಲು ನಕ್ಕ, ಆಮೇಲೆ ಬೈದ, ಕೊನೆಗೆ ಇವರು ಹೋಗಲಿ ಎಂದು ಎದ್ದು ನಿಂತ. ಅವನ ಎತ್ತರದ ದಾರ ಎರಡು ಮಡಿಕೆಯಾಗಿ ಅವನ ಹೊಟ್ಟೆ ಸುತ್ತಿತು. ನಡುವೆ ಏಳು ಬೆರಳು ಬಯಲು.

“ದಾರ ಸಣ್ಣ ಕತ್ತರಿಸೀರಿ,” ಎಂದ.

“ಮೀಟರ್ ಕೋಲು ನಿಮ್ಮ ಕೈಯಾಗ ಐತಲ್ರಿ,” ಎಂದಳು ಹೊನ್ನವ್ವ. “ನೀವ ಅಳೀರಿ.”

ಅಳೆಯಲಿಲ್ಲ. ಹಬ್ಬದ ವ್ಯಾಪಾರ ಮುಗಿಯಲಿ, ಆಮೇಲೆ ನೋಡೋಣ ಎಂದ. ಹೊನ್ನವ್ವ ದಿನವೂ ಕೇಳಿದಳು, ಅವನು ದಿನವೂ ಕಾರ್ಡು ತೋರಿಸಿದ. ಹಬ್ಬಕ್ಕೆ ಇನ್ನೂ ಇಪ್ಪತ್ತು ದಿನ ಇತ್ತು. ಆ ಇಪ್ಪತ್ತು ದಿನವೇ ಅವನ ಕಾಲು ತಿಂದಿತು.

ಹಬ್ಬದ ಮರುದಿನ ಊಟಕ್ಕೆ ಬಂದವನು ಪಡಸಾಲೆ ದಾಟಿದಾಗ ಹಾಸುಗಲ್ಲಿನ ಮೇಲೆ ಸಾಲಾಗಿ ರಕ್ತದ ಹೆಜ್ಜೆ ಮೂಡಿದವು. ಬಲಗಾಲಿನ ಚಪ್ಪಲಿ ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿತ್ತು. ಅವನಿಗೆ ಗೊತ್ತಾಗಿರಲಿಲ್ಲ. ಹೊನ್ನವ್ವ ಕಾಲು ಎತ್ತಿ ನೋಡಿದಳು. ಅಂಗಾಲಿನಲ್ಲಿ ಬೆರಳುದ್ದದ ಜಾಲಿ ಮುಳ್ಳು ಬುಡದವರೆಗೆ ಇಳಿದಿತ್ತು. ಹೆಬ್ಬೆರಳು ಕಪ್ಪಾಗಿತ್ತು.

“ನೋವಾಗಲಿಲ್ಲೇನ್ರಿ?”

“ಇಲ್ಲ,” ಎಂದ ಶಂಕರೆಪ್ಪ. ತನ್ನ ಕಾಲನ್ನು ಬೇರೆಯವರ ಕಾಲು ನೋಡಿದ ಹಾಗೆ ನೋಡಿದ. “ಏನೂ ಆಗಲಿಲ್ಲ.” ಅವನ ಮುಖದಲ್ಲಿ ಹೆದರಿಕೆ ಕಂಡದ್ದು ಅಂದೇ ಮೊದಲು.

ವಿಜಾಪುರದ ದವಾಖಾನೆಯಲ್ಲಿ ನೋಡಿದಾಗ ರಕ್ತದ ಸಕ್ಕರೆ ನಾಲ್ಕುನೂರು ದಾಟಿತ್ತು. ಬಹಳ ದಿನದಿಂದ ಇದ್ದ ಬೇನೆ, ಕಾಲಿನ ನರ ಸತ್ತಿವೆ ಎಂದರು. ಮೊದಲು ಎರಡು ಬೆರಳು ತೆಗೆದರು. ಕೀವು ಮೇಲೇರಿತು. ಹತ್ತು ದಿನಕ್ಕೆ ಅರ್ಧ ಪಾದ ತೆಗೆದರು.

“ಕಾರ್ಡಿನಾಗ ಸರಿ ಅಂತ ಇತ್ತಲ್ಲೇ,” ಎಂದ ಅವನು ಹಾಸಿಗೆಯ ಮೇಲೆ, ಸಣ್ಣ ಕೂಸಿನ ಹಾಗೆ.

ಹೊನ್ನವ್ವನಿಗೆ ಹೇಳಲು ಬಹಳ ಇತ್ತು. ಎರಡನೇ ಟೇಬಲ್ಲಿನ ಮಾತು ಇತ್ತು, ಮೂರನೇ ಎಮ್ಮೆಯ ಮಾತು ಇತ್ತು. ಅವನ ಕಾಲಿನ ಹೊದಿಕೆ ಸರಿಪಡಿಸಿದಳು. ಮನೆಗೆ ಬಂದ ದಿನ ಗೂಟದ ಮೇಲಿನ ತನ್ನ ಕಾರ್ಡನ್ನು ತೆಗೆದು ಒಲೆಗೆ ಹಾಕಿದಳು. ಗಂಡನ ಎದುರಿಗೇ ಕುಳಿತು ಪಲ್ಯದ ಕೂಡ ಮೂರು ರೊಟ್ಟಿ ಉಂಡಳು. ಅವನು ಗದ್ದ ಎತ್ತಲಿಲ್ಲ. ಬುಟ್ಟಿಯನ್ನು ಅವಳ ಕಡೆಗೆ ಸರಿಸಿದ. ಒಳ್ಳೆಯದೇ. ಆದರೆ ಆ ಎರಡು ವರ್ಷದ ರೊಟ್ಟಿಯನ್ನು ಅವಳಿಗೆ ಯಾರೂ ತಿರುಗಿ ಕೊಡಲಾರರು.

ಈಗ ಶಂಕರೆಪ್ಪ ಮುಂಜಾನೆ ಇನ್ಸುಲಿನ್ ಸೂಜಿ ಮಾಡಿಸಿಕೊಳ್ಳುತ್ತಾನೆ. ಸಿಹಿ ಚಹಾ ಬಿಟ್ಟಿದ್ದಾನೆ. ಗಾಜಿನ ಕಟ್ಟಿನ ಜಾಗದಲ್ಲಿ ದಾರದ ಉಂಡೆ ತೂಗುಹಾಕಿ, ಬಂದ ಗಿರಾಕಿಯ ಎತ್ತರಕ್ಕೆ ತಾನೇ ಕತ್ತರಿಸಿ ಕೊಡುತ್ತಾನೆ. “ಹೊಟ್ಟಿಗೆ ಸುತ್ತಿ ನೋಡ್ರಿ. ನಾ ನೋಡಲಿಲ್ಲ,” ಎಂದು ಕೋಲೂರಿ ನಿಂತು ಹೇಳುತ್ತಾನೆ.

ಹೊಟ್ಟೆ ಇಳಿದು ಉಡದಾರ ಜಾರತೊಡಗಿತು. ಹೊನ್ನವ್ವ ಮತ್ತೆ ಗುರಣ್ಣನ ಬಳಿ ಹೋದಳು. ಅವನು ಎಂಟೂ ಕೊಂಡಿ ಬಿಚ್ಚಿ ಅವಳ ಅಂಗೈಯಲ್ಲಿ ಇಟ್ಟ.

“ಕೊಂಡಿ ಹಾಕಂದ್ರ ಹಾಕತೇನಿ, ತಗೀ ಅಂದ್ರ ತಗೀತೇನಿ ತಂಗೆವ್ವಾ,” ಎಂದ. “ಬೆರಳು ಜೋಡಿಸೂ ಕೆಲಸ ನನಗ ಬರೂದಿಲ್ಲ.”

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಮನೆಯಲ್ಲಿ ಒಂದು ದಾರ ಹುಡುಕಿರಿ. ನಿಮ್ಮ ಎತ್ತರಕ್ಕೆ ಕತ್ತರಿಸಿ, ಎರಡು ಮಡಿಕೆ ಮಾಡಿ, ಹೊಟ್ಟೆ ಒಳಗೆ ಜಗ್ಗದೆ ಹೊಕ್ಕಳ ಮಟ್ಟಕ್ಕೆ ಸುತ್ತಿರಿ. ತುದಿಗಳು ಕೂಡದಿದ್ದರೆ, ತೂಕದ ಕಾರ್ಡು ಏನೇ ಹೇಳಲಿ, ಸಕ್ಕರೆ ಮತ್ತು ರಕ್ತದೊತ್ತಡ ತಪಾಸಣೆ ಮಾಡಿಸಿರಿ. ಕೂಡಿದರೂ ನೀರಡಿಕೆ ಹೆಚ್ಚಾದರೆ, ಗಾಯ ಮಾಯದಿದ್ದರೆ ತಡ ಮಾಡಬೇಡಿರಿ. ಮನೆಯ ಹೆಣ್ಣುಮಗಳು ಮೈತುಂಬ ಇದ್ದಾಳೆಂದು ಅವಳ ತಾಟಿನ ರೊಟ್ಟಿ ಎಣಿಸಬೇಡಿರಿ, ಅವಳ ರಕ್ತ ತಪಾಸಿಸಿರಿ. ಶಿಬಿರಕ್ಕೆ ಹೋದರೆ ಮೊದಲನೇ ಟೇಬಲ್ಲಿನಿಂದ ತಿರುಗಿ ಬರಬೇಡಿರಿ. ಎರಡನೇ ಟೇಬಲ್ಲಿನ ಪಾಳಿ ಎಷ್ಟೇ ಉದ್ದವಿರಲಿ, ನಿಲ್ಲಿರಿ. ನಿಲ್ಲಲು ಎರಡು ಕಾಲು ಇರುವಾಗಲೇ ನಿಲ್ಲಿರಿ.