ಗರಿ ಮೊದಲು ಕೀಳುವವರು

ತಾನು ಅಗೆಯುತ್ತಿದ್ದ ಗುಂಡಿಯ ಕಡಲ ತುದಿಗೊಂದು, ತೋಪಿನ ತುದಿಗೊಂದು ಗರಿ ನೆಟ್ಟಿರುವುದನ್ನು ಲೇಸಾರ್ ಕಂಡದ್ದು ಸೋಮವಾರ ಬೆಳಿಗ್ಗೆ. ನೋಡಲು ಈಚಲ ಗರಿಯ ಹಾಗಿರುವ ಇದನ್ನು ಯಜಮಾನನೊಬ್ಬ ನೆಟ್ಟನೆಂದರೆ, ದೊಡ್ಡ ದ್ವೀಪ ಮಲಕುಲಾದ ಸುತ್ತಿನ ಯಾವ ಸಣ್ಣ ದ್ವೀಪದಲ್ಲೂ ಅಲ್ಲಿಗೆ ಮಾತು ಮುಗಿಯಿತು. ತೋಟವಾದರೆ ಕೊಯ್ಯುವಂತಿಲ್ಲ, ಬಂಡೆಸಾಲಾದರೆ ಮೀನು ಹಿಡಿಯುವಂತಿಲ್ಲ, ಗುಂಡಿಯಾದರೆ ಇಳಿಯುವಂತಿಲ್ಲ. ನೆಟ್ಟವನೇ ಕೀಳಬೇಕು. ಪೊಲೀಸರನ್ನು ಕಂಡು ನಗುವವರೂ ಗರಿ ಕಂಡರೆ ಸುತ್ತು ಬಳಸಿ ಹೋಗುತ್ತಾರೆ. ಹೊರದೇಶದಲ್ಲಿ ಪುರಾತತ್ವ ಓದಿ ಬಂದು ರಾಜಧಾನಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವ ಲೇಸಾರ್ ಕೂಡ ಕಾಲು ಹಿಂದಕ್ಕೆಳೆದುಕೊಂಡಳು. ದಾಟಿ ಇಳಿದರೆ ಅವತ್ತಿನ ಕೆಲಸವೇನೋ ಆಗುತ್ತಿತ್ತು. ಆಮೇಲೆ ಯಾವ ದ್ವೀಪದಲ್ಲೂ ಅವಳಿಗೆ ಕರಣೆ ಊರಲು ಜಾಗ ಸಿಗುತ್ತಿರಲಿಲ್ಲ.

ಗುಂಡಿಯ ತಳದಲ್ಲಿ ಒಬ್ಬ ಮನುಷ್ಯ ಮಲಗಿದ್ದ, ಸುಮಾರು ಮೂರು ಸಾವಿರ ವರ್ಷಗಳಿಂದ. ತಲೆಯ ಪಕ್ಕದಲ್ಲಿ ಒಂದು ಮಡಕೆ. ಅದರ ಮೈಮೇಲೆ ಬಾಚಣಿಗೆಯ ಹಲ್ಲು ಒತ್ತಿದಂಥ ಚುಕ್ಕೆಸಾಲುಗಳಲ್ಲಿ ದುಂಡುಗಣ್ಣಿನ ಒಂದು ಮುಖ. ಚೂರಲ್ಲ, ಇಡೀ ಮಡಕೆ. ಅಂಥದ್ದೊಂದನ್ನು ಕಾಣದೆಯೇ ನಿವೃತ್ತರಾದ ಪಂಡಿತರ ಹೆಸರುಗಳು ಲೇಸಾರ್‌ಗೆ ಬಾಯಿಪಾಠವಾಗಿದ್ದವು. ಅದಿನ್ನೂ ಅರ್ಧ ಮಣ್ಣಿನಲ್ಲೇ ಇತ್ತು. ಆ ಮನುಷ್ಯ ತಲೆ ಹಾಕಿದ್ದು ಕಡಲ ಕಡೆಗೆ, ಆ ಕಡೆಯ ದಂಡೆಯನ್ನು ಕಡಲು ವರ್ಷವರ್ಷವೂ ತಿನ್ನುತ್ತ ಬಂದಿತ್ತು. ವಾರದ ಕೊನೆಗೆ ಹುಣ್ಣಿಮೆಯ ದೊಡ್ಡ ಭರತ, ಕಡಲು ಉಕ್ಕುತ್ತದೆ. ಅಷ್ಟರೊಳಗೆ ಎತ್ತದಿದ್ದರೆ ಮಡಕೆಯೂ ಇಲ್ಲ, ತಲೆಯೂ ಇಲ್ಲ.

ತಪ್ಪು ಅವಳದೇ. ಭಾನುವಾರ ಚರ್ಚು ಬಿಟ್ಟ ಮೇಲೆ ಮಾವಿನ ಮರದಡಿ ಕೂತ ಜನ, ಏನು ಸಿಕ್ಕಿತು ಹೇಳು ಎಂದಿದ್ದರು. ಅವಳು ಎದ್ದು ನಿಂತು ರಾಜಧಾನಿಯಲ್ಲಿ ಹೇಳುವ ಹಾಗೆಯೇ ಹೇಳಿದಳು: ಇವರೇ ಈ ದ್ವೀಪಗಳ ಮೊದಲಿಗರು, ದೋಣಿ ಕಟ್ಟಿಕೊಂಡು ಉತ್ತರದಿಂದ ಬಂದವರು, ಬರುವಾಗ ಹಂದಿ, ಕೋಳಿ, ಗೆಡ್ಡೆ ಎಲ್ಲ ತಂದವರು. ರಾಜಧಾನಿಯಲ್ಲಿ ಈ ಜಾಗದಲ್ಲಿ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಯಾರೋ ಕೆಮ್ಮಿದರು.

ಬಂದವರು ಎಂದರೆ ಈ ದ್ವೀಪದಲ್ಲಿ ನೆಂಟರು. ಅವರಿಗೆ ಚಾಪೆ ಹಾಸುತ್ತಾರೆ, ನೆಲ ಬಿಟ್ಟುಕೊಡುವುದಿಲ್ಲ. ನೆಲ ಏನಿದ್ದರೂ ಅಲ್ಲೇ ಹುಟ್ಟಿದವರದು. ಲೇಸಾರ್‌ಳ ಸೋದರಮಾವ ಮಾಸ್ಸಿಂಗನ ಮೂಲಪುರುಷ ದಂಡೆಯ ಕಲ್ಲೊಡೆದು ಎದ್ದವನು. ಎದುರು ಮನೆತನದ ಯಜಮಾನ ಅಂಬೋಂಗನ ಮೂಲಪುರುಷ ದೀವಿಹಲಸಿನ ಬೇರಿನಿಂದ ಚಿಗುರಿದವನು. ಇಬ್ಬರಲ್ಲಿ ಮೊದಲಿಗ ಯಾರು, ಈ ತೋಪು ಯಾರದು ಎಂಬ ವ್ಯಾಜ್ಯ ಇಬ್ಬರೂ ಮದುವೆಯಾಗುವ ಮೊದಲಿನಿಂದ ನಡೆದಿತ್ತು. ಅಗೆಯಲು ಇಬ್ಬರೂ ಸಂತೋಷದಿಂದ ಒಪ್ಪಿದ್ದು, ಒಳಗೆ ತಮ್ಮ ತಾತನೇ ಇದ್ದಾನೆಂಬ ಭರವಸೆಯಿಂದ. ಈಗ ಓದಿದ ಹುಡುಗಿ ಇಬ್ಬರ ತಾತಂದಿರನ್ನೂ ಒಂದೇ ದೋಣಿಗೆ ಹತ್ತಿಸಿದ್ದಳು. ಕಡಲ ತುದಿಯ ಗರಿ ಅಂಬೋಂಗನದು, ತೋಪಿನ ತುದಿಯದು ಮಾಸ್ಸಿಂಗನದು.

"ಮಾವ, ಗರಿ ತೆಗೀರಿ" ಅಂದಳು ಲೇಸಾರ್.

ಮಾಸ್ಸಿಂಗ್ ಗೆಡ್ಡೆ ತುರಿದು ಬೇಯಿಸಿದ ಬಿಸಿ ಲಪ್‌ಲಪ್‌ನ ಬಾಳೆಎಲೆ ಬಿಡಿಸುತ್ತಿದ್ದ. "ತಂಗಿ ಮಗಳು ಅಂತ ಊಟ ಹಾಕಿದೆ. ಊರ ಮುಂದೆ ನನ್ನನ್ನ ವಲಸೆಗಾರ ಅಂದ್ಳು."

"ನಿಮ್ಮನ್ನಲ್ಲ ಮಾವ, ಎಲ್ರನ್ನೂ ಅಂದೆ."

"ಅಂದ್ರೆ ನಾನೂ ಅಂಬೋಂಗನೂ ಒಂದೇ. ಇದಕ್ಕಿಂತ ವಲಸೆಗಾರ ಅನ್ನೋದೇ ವಾಸಿ."

"ಮೂರು ಸಾವಿರ ವರ್ಷ ಇದ್ದೋರನ್ನ ಯಾರಾದ್ರೂ ವಲಸೆಗಾರರು ಅಂತಾರಾ?"

"ನೀನು ಅಂದ್ಯಲ್ಲ." ಅವನು ತೆಂಗಿನ ಹಾಲು ಸುರಿದ ತುಂಡೊಂದನ್ನು ಅವಳ ಕಡೆ ಸರಿಸಿದ. "ತಿನ್ನು. ತೆಗಿಯಲ್ಲ ಅಂತ ನಾನೆಲ್ಲಿ ಅಂದೆ? ಮೊದ್ಲು ಅವನು ಕೀಳ್ಲಿ. ನಾನು ಮೊದ್ಲು ಕಿತ್ರೆ ಅವನ ಗರಿ ಒಂದೇ ನಿಂತಿರುತ್ತೆ. ದೋಣೀಲಿ ಹೋಗೋರು ನೋಡಿ, ತೋಪು ಅವನದಾಯ್ತು ಅಂತಾರೆ."

ಅಲ್ಲಿಂದ ಅವಳು ಹೋದದ್ದು ಅಂಬೋಂಗನ ಮನೆಗೆ. ಅವನು ಬಲೆ ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. "ನಿಮ್ಮ ಮಾವ ಏನಂದ?"

"ನೀವು ಮೊದ್ಲು ಕೀಳ್ಬೇಕಂತೆ, ಯಜಮಾನ್ರೇ."

"ನಾನೂ ಅದನ್ನೇ ಅಂದೆ ಅಂತ ಹೇಳಮ್ಮ. ಬಿಸಿಲಲ್ಲಿ ನಡೆದು ಬಂದಿದ್ದೀಯ, ಬರಿಗೈಲಿ ಹೋಗ್ಬೇಡ."

"ಇಡೀ ಮಡಕೆ ಇದೆ. ಕಡಲು ತಗೊಂಡ್ ಹೋಗುತ್ತೆ."

"ಆ ಮನುಷ್ಯ ತಲೆ ಯಾವ ಕಡೆ ಹಾಕಿದಾನೆ?"

"ಕಡಲ ಕಡೆ."

"ನೋಡು ಮತ್ತೆ. ಇಲ್ಲಿಂದ ಹೊರಟೋನು ಅವನು. ಬಂದೋನು ಅಂತ ಯಾರು ಹೇಳಿದ್ದು ನಿಂಗೆ?"

ಮಂಗಳವಾರ ಅವಳು ಹೊಸ ದಾರಿ ಹುಡುಕಿದಳು. ಇಬ್ಬರೂ ಒಂದೇ ಗಳಿಗೆಯಲ್ಲಿ ಕೀಳುವುದು, ಅವಳ ತಪ್ಪಿಗೆ ದಂಡವಾಗಿ ಇಬ್ಬರಿಗೂ ಒಂದೊಂದು ಹಂದಿ ಕೊಡುವುದು. ಇಬ್ಬರೂ ಒಪ್ಪಿದರು. ಬುಧವಾರವಿಡೀ ಅವಳು ದೋಣಿಯಲ್ಲಿ ದೊಡ್ಡ ದ್ವೀಪಕ್ಕೆ ಹೋಗಿ, ಕೋರೆ ಸುತ್ತಿದ ಎರಡು ಹಂದಿ ಹುಡುಕಿ, ಅವುಗಳ ಕೂಗು ಕೇಳುತ್ತ ಹಿಂದಿರುಗಿದಳು. ಗುರುವಾರ ಊರೆಲ್ಲ ಸೇರಿತು. ಕೋರೆ ಹೆಚ್ಚು ಸುತ್ತಿದಷ್ಟೂ ಹಂದಿಗೆ ಬೆಲೆ ಹೆಚ್ಚು. ಮಾಸ್ಸಿಂಗ್ ತನ್ನ ಹಂದಿಯ ಬಾಯಿಗೆ ಬೆರಳಿಟ್ಟು ಕೋರೆ ಅಳೆದ. ಆಮೇಲೆ ಯಾರೂ ಕರೆಯದಿದ್ದರೂ ಅಂಬೋಂಗನ ಹಂದಿಯದನ್ನೂ ಅಳೆದ.

"ಅವನದು ಒಂದು ಬೆರಳು ಜಾಸ್ತಿ ಸುತ್ತಿದೆ."

"ಹಾಗಾದ್ರೆ ಅದಲು ಬದಲು ಮಾಡ್ಕೊಳ್ಳಿ ಮಾವ" ಅಂದಳು ಲೇಸಾರ್.

"ಆಗ ನನಗೆ ಕಮ್ಮಿ ಆಗುತ್ತಲ್ಲ" ಅಂದ ಅಂಬೋಂಗ್.

ಹಂದಿಗಳು ತೋಪಿನಲ್ಲಿ ಕಟ್ಟಿಹಾಕಿದಲ್ಲೇ ಉಳಿದವು, ಗರಿಗಳೂ ಉಳಿದವು. ಆ ಸಂಜೆ ಅವಳು ದಂಡೆಗೆ ಹೋಗಿ, ಗರಿಯಿಂದ ಈಚೆ ನಿಂತು, ಮಡಕೆಯ ಮೇಲಿನ ದುಂಡುಗಣ್ಣನ್ನು ನೋಡಿದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು.

ಶುಕ್ರವಾರ ಬೆಳಗಿನ ಭರತ ದಂಡೆಯನ್ನು ಒಳಗಿನಿಂದ ಕೊರೆದಿತ್ತು. ಅವಳು ಓಡಿ ಬರುವಷ್ಟರಲ್ಲಿ ಗುಂಡಿಯ ಕಡಲ ತುದಿ ಒಂದು ದೊಡ್ಡ ಹೆಂಟೆಯಾಗಿ ಕಳಚಿ, ನಿಧಾನವಾಗಿ ವಾಲಿ, ನೀರಿಗೆ ಕೂತಿತು. ಮಡಕೆ ಹೋಯಿತು, ತಲೆ ಹೋಯಿತು, ಎದೆಗೂಡು ಹೋಯಿತು. ಅಂಬೋಂಗನ ಗರಿಯೂ ಹೋಯಿತು. ನೀರು ಇಳಿದ ಮೇಲೆ ಸೊಂಟದಿಂದ ಕೆಳಗಿನ ಎಲುಬುಗಳು ಮಾತ್ರ, ಅಂಚಿಗೆ ಬಂದು ನಿಂತವರ ಹಾಗೆ, ಕಾಣುತ್ತಿದ್ದವು. ಸಂಜೆಯ ಭರತಕ್ಕೆ ಅವೂ ಹೋಗುವುದು ಖಂಡಿತವಿತ್ತು.

ಇಬ್ಬರು ಯಜಮಾನರೂ ಬಂದರು. ಮಾಸ್ಸಿಂಗ್ ತನ್ನ ಗರಿಯ ಪಕ್ಕಕ್ಕೆ ಹೋಗಿ ನಿಂತ. "ಅವನ ಗರೀನ ಕಡಲೇ ಕಿತ್ತಿತು. ಈಗ ನಿಂತಿರೋದು ನನ್ನದೊಂದೇ. ಎಲ್ರೂ ನೋಡ್ಕೊಳ್ಳಿ."

ಲೇಸಾರ್ ಉಳಿದ ಎಲುಬುಗಳನ್ನು ಎಣಿಸುತ್ತಿದ್ದಳು. ನಿಲ್ಲಿಸಿದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಅಂಬೋಂಗ್ ಅವಳ ಮುಖ ನೋಡಿದ, ಎಲುಬುಗಳನ್ನು ನೋಡಿದ. "ಬೇರೆ ನೆಡ್ತೀನಿ. ಗರಿ ತರೋಕೆ ಮೇಲಿನ ತೋಟಕ್ಕೆ ಹೋಗ್ಬೇಕು."

"ನಿನ್ನ ಅಡುಗೆಮನೆ ಹಿಂದೇನೇ ಗಿಡ ಇದೆಯಲ್ಲ" ಅಂದ ಮಾಸ್ಸಿಂಗ್.

"ಅದು ಎಳೇದು" ಎಂದು ಅಂಬೋಂಗ್ ಹೊರಟೇಬಿಟ್ಟ.

ಮಾಸ್ಸಿಂಗ್ ಅವನು ಹೋದ ದಾರಿಯನ್ನೇ ನೋಡುತ್ತ ನಿಂತ. ಆಮೇಲೆ ತಂಗಿ ಮಗಳ ಕಡೆ ನೋಡದೆ, ತನಗೆ ತಾನೇ ಹೇಳಿಕೊಳ್ಳುವವನಂತೆ, "ಅವನು ಹೊಸ ಗರಿ ನೆಟ್ರೆ ನನ್ನ ಒಣಗರಿ ನೋಡೋಕೆ ಚೆನ್ನಾಗಿರುತ್ತಾ?" ಎಂದು ಗೊಣಗಿ, ತನ್ನದನ್ನು ಬುಡಸಹಿತ ಕಿತ್ತು ಹೆಗಲಿಗೆ ಹಾಕಿಕೊಂಡು ಅವನೂ ನಡೆದ.

ಗುಂಡಿಯ ಮೇಲೆ ಈಗ ಯಾರ ಗರಿಯೂ ಇರಲಿಲ್ಲ. ಲೇಸಾರ್‌ಗೆ ಇದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಚಪ್ಪಲಿ ಬಿಡುವುದನ್ನೂ ಮರೆತು ಇಳಿದಳು. ಸೊಂಟದ ಎಲುಬು, ತೊಡೆ, ಮಂಡಿ. ಒಂದೊಂದನ್ನೇ ಬಿಡಿಸಿ, ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಇಡುತ್ತ ಹೋದಳು.

ಮಧ್ಯಾಹ್ನ ಸೊಂಟ ನೆಟ್ಟಗೆ ಮಾಡಲು ಎದ್ದಾಗ ತೋಪಿನಂಚಿನ ಮರದಡಿ ಇಬ್ಬರೂ ಕಂಡರು. ಒಬ್ಬೊಬ್ಬರ ತೊಡೆಯ ಮೇಲೂ ಹಸಿರು ಗರಿ. ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತಿದ್ದರು.

"ಎಲ್ಲಿಗೆ ಬಂತಮ್ಮ?" ಅಂಬೋಂಗ್ ಅಲ್ಲಿಂದಲೇ ಕೇಳಿದ.

"ಮೊಣಕಾಲು ಆಯ್ತು."

"ಮಾಡು ಮಾಡು. ನಿಮ್ಮ ಮಾವನಿಗೆ ಸುಸ್ತಾಗಿದೆ, ಎದ್ದು ನಡೆಯೋಕಾಗ್ತಿಲ್ಲ."

"ಸುಸ್ತಾಗಿರೋದು ಅವನಿಗೆ" ಅಂದ ಮಾಸ್ಸಿಂಗ್, ಕಡಲಿಗೆ ಹೇಳುವವನಂತೆ.

ಈ ಸುಸ್ತು ಸೋಮವಾರವೇ ಆಗಿದ್ದರೆ ಏನಾಗುತ್ತಿತ್ತು ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಇಬ್ಬರೂ ಎದ್ದು ಬಂದು ಗರಿ ನೆಡುತ್ತಾರೆ. ಅವಳು ಮತ್ತೆ ಬಾಗಿ, ಪಾದದ ಸಣ್ಣ ಎಲುಬುಗಳ ನಡುವಿನ ಮರಳನ್ನು ಬ್ರಷ್ಷಿನಿಂದ ಸರಿಸತೊಡಗಿದಳು.