ಫಿಸಿಕ್ಸ್ ಕೇಳಿಕೊಂಡು ಬಂದವರು

"ಬಲೂನು ಹಿಡ್ಕೊಂಡು ಸ್ವಲ್ಪ ನಗಿ ಮೇಡಂ," ಎಂದ ಮಧುಕುಮಾರ. ಕುಸುಮಾ ನಕ್ಕಳು.

ವಿಜಯನಗರದ ಕಲ್ಯಾಣಮಂಟಪದಲ್ಲಿ ಕಾಲೇಜುಗಳ ಮೇಳ. ಕೆಂಗೇರಿಯಾಚೆಯ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅವಳನ್ನು ಅಡ್ಮಿಷನ್ ವಿಭಾಗದ ಮುಖ್ಯಸ್ಥ ಮಧುಕುಮಾರ ಬೆಳಗ್ಗೆಯಿಂದ ಮಳಿಗೆಯಲ್ಲಿ ನಿಲ್ಲಿಸಿದ್ದ. ಬೆನ್ನ ಹಿಂದಿನ ಫ್ಲೆಕ್ಸಿನಲ್ಲಿ ಅವಳದೇ ಮುಖ, ಹೆಸರಿನ ಮುಂದೆ ಅವಳು ಪಡೆಯದ ಡಾಕ್ಟರೇಟು. ಅತ್ತ ಕಣ್ಣು ಹೋದಾಗಲೆಲ್ಲ ಯಾರದೋ ಎಂಜಲು ತಟ್ಟೆಗೆ ಕೈಯಿಟ್ಟ ಹಾಗಾಗುತ್ತಿತ್ತು.

ಮಧ್ಯಾಹ್ನ ಸುಂಕದಕಟ್ಟೆಯಿಂದ ದೇವೇಂದ್ರಪ್ಪ ಮಗಳನ್ನು ಕರೆದುಕೊಂಡು ಬಂದ. ಕೊಪ್ಪಳದ ಕಡೆಯವನು, ಇಲ್ಲಿ ಗಾರ್ಮೆಂಟ್ಸಿನಲ್ಲಿ ಕೆಲಸ.

"ಎಲ್ಲಾರೂ ಕಂಪ್ಯೂಟರ್ ಅಂತಾರ್ರೀ. ಇಕಿ ಮಾತ್ರ ಬಿಎಸ್ಸಿ ಫಿಸಿಕ್ಸೇ ಬೇಕಂತ ಹಠ ಹಿಡದಾಳ," ಎಂದ.

"ನಿಮ್ಮಲ್ಲಿ ಲ್ಯಾಬ್ ಹೆಂಗಿದೆ ಮೇಡಂ?" ಮಗಳು ರಂಜಿನಿ ಕೇಳಿದಳು. "ಪಿಯುಸೀಲಿ ಬರೀ ರೀಡಿಂಗ್ಸ್ ಬರೆಸ್ಬಿಟ್ರು. ಒಂದೂ ಕೈಯಾರೆ ಮಾಡಿಲ್ಲ."

"ವರ್ಲ್ಡ್ ಕ್ಲಾಸ್ ಲ್ಯಾಬ್ ಕಣಮ್ಮ," ಎಂದ ಮಧುಕುಮಾರ. ನಂತರ ಕುಸುಮಾಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಮೊದ್ಲು ಸೇರಿಸ್ಕೊಂಡ್ಬಿಡಿ. ಆಮೇಲೆ ಡೇಟಾ ಸೈನ್ಸಿಗೆ ತಳ್ಳೋಣ. ಫಿಸಿಕ್ಸ್ ಕೋರ್ಸ್ ಹೆಂಗೂ ಈ ವರ್ಷದಿಂದ ನಡೆಸಲ್ವಲ್ಲ."

ಅವನ ಬಾಯಿಂದ ಏಲಕ್ಕಿ ಬೆರೆತ ಗುಟ್ಕಾದ ವಾಸನೆ ಬಂತು. ಅದಕ್ಕಿಂತ ಹೇಸಿಗೆಯೆನಿಸಿದ್ದು, ತನ್ನ ತುಟಿ ಇನ್ನೂ ನಗುತ್ತಲೇ ಇದ್ದದ್ದು.

"ಲ್ಯಾಬಿಗೆ ಬೀಗ ಹಾಕಿದಾರೆ ಕಣಮ್ಮ," ಎಂದಳು ಕುಸುಮಾ, ರಂಜಿನಿಗೆ. "ಒಳಗೆ ಮುರಿದ ಬೆಂಚು ತುಂಬಿದಾರೆ. ಇಲ್ಲಿಗೆ ಬರಬೇಡ."

ದೇವೇಂದ್ರಪ್ಪ ಅವಳನ್ನೂ ಫ್ಲೆಕ್ಸಿನ ಮುಖವನ್ನೂ ನೋಡಿದ. "ಮತ್ತ ನೀವ್ಯಾಕ ಇಲ್ಲಿ ನಿಂತೀರಿ ಮೇಡಂ?"

ಕುಸುಮಾ ಕೈಯಲ್ಲಿದ್ದ ಬಲೂನನ್ನು ಮೇಜಿನ ಮೇಲೆ ಬಿಟ್ಟಳು.

"ಐಡಿ ಕಾರ್ಡ್ ಇಟ್ಟು ಹೊರಡಿ," ಎಂದ ಮಧುಕುಮಾರ ತಣ್ಣಗೆ. "ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

ಊಟದ ಮನೆಯ ನಲ್ಲಿಯಲ್ಲಿ ಕುಸುಮಾ ಬಾಯಿ ಮುಕ್ಕಳಿಸಿ ಉಗಿದಳು. ಮತ್ತೆ ಮುಕ್ಕಳಿಸಿದಳು. ತಿರುಗಿದರೆ ರಂಜಿನಿ ನಿಂತಿದ್ದಳು.

"ಹಂಗಾದ್ರೆ ಎಲ್ಲಿಗೆ ಸೇರ್ಲಿ ಮೇಡಂ?"

"ಸರ್ಕಾರಿ ಕಾಲೇಜುಗಳನ್ನ ನೋಡು. ಯಾರ ಮಾತೂ ಕೇಳ್ಬೇಡ, ನನ್ನ ಮಾತೂ. ಲ್ಯಾಬ್ ತೆಗೆಸಿ ನೋಡು."

"ನೀವೂ ಬರ್ತೀರಾ?"

ಸೋಮವಾರ ಮೂವರೂ ಹೋದರು. ಮೂರನೆಯ ಕಾಲೇಜಿನಲ್ಲಿ ಅಟೆಂಡರ್ ಗೊಣಗುತ್ತಲೇ ಬಾಗಿಲು ತೆಗೆದು, ಬೆಳಕಿನ ಬಣ್ಣ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿನ ಧೂಳು ಒರೆಸಿ, ಅದರ ಮುಂದಿನ ಸೋಡಿಯಂ ದೀಪದ ಸ್ವಿಚ್ಚು ಹಾಕಿದ. ಮೊದಲು ನಸುಗೆಂಪು ಹತ್ತಿಕೊಂಡಿತು. ಕುಸುಮಾಳ ಬಾಯಿ ಇನ್ನೂ ಕಹಿಯಾಗಿತ್ತು. ದೀಪ ನಿಧಾನವಾಗಿ ಹಳದಿಗೆ ತಿರುಗಿತು. ರಂಜಿನಿ ಜಡೆಯನ್ನು ಬೆನ್ನಿಗೆಸೆದು, ಒಂದು ಕಣ್ಣು ಮುಚ್ಚಿ, ಸ್ಪೆಕ್ಟ್ರೋಮೀಟರಿನ ಕೊಳವೆಯತ್ತ ಬಗ್ಗಿದಳು.